ಅಪ್ಪನ ಪಾಲು

ಕೊನೆಯ ತುತ್ತು ಗಂಟಲಲ್ಲಿ ನಿಂತಿತು. ಅವಳು ನೀರು ಕುಡಿಯಲಿಲ್ಲ. ಲೋಟ ಎತ್ತಿದರೆ ಸದ್ದಾಗುತ್ತದೆ. ಎದೆಗೆ ಮುಷ್ಟಿಯಿಂದ ಗುದ್ದಿಕೊಂಡು, ಅನ್ನ ಕೆಳಗಿಳಿದದ್ದು ಖಾತ್ರಿಯಾದ ಮೇಲೆ, ತಟ್ಟೆಯ ಅಂಚಿಗೆ ಅಂಟಿದ್ದ ಆಲೂಗಡ್ಡೆಯ ಚೂರನ್ನೂ ಬೆರಳಿನಿಂದ ಬಳಿದು ಬಾಯಿಗೆ ಹಾಕಿಕೊಂಡಳು. ಒಂದು ಅಗುಳು ಉಳಿದರೂ ಪ್ರಶ್ನೆ ಬರುತ್ತದೆ. ತಟ್ಟೆಯನ್ನು ಮೇಜಿನ ಆ ತುದಿಗೆ, ಕಿಟಕಿಯ ಪಕ್ಕದ ಕುರ್ಚಿಯ ಮುಂದೆ, ಮೊದಲಿದ್ದಂತೆಯೇ ತಳ್ಳಿ, ಕುರ್ಚಿಯನ್ನು ತುಸು ಓರೆಯಾಗಿ ಎಳೆದಿಟ್ಟಳು. ಅವಸರದಲ್ಲಿ ಎದ್ದು ಹೋದವರ ಕುರ್ಚಿ ಹಾಗೇ ಇರುತ್ತದೆ. ಆಮೇಲೆ ತನ್ನ ಜಾಗಕ್ಕೆ ಬಂದು ಕೂತು ತನ್ನ ತಟ್ಟೆಯ ಅನ್ನ ಕಲಸತೊಡಗಿದಳು.

ಅಮ್ಮ ಒಳಕೋಣೆಯಿಂದ ಬಂದಳು. ತೋಳಿನ ಮೇಲೆ ಅಪ್ಪನ ಡ್ಯೂಟಿ ಕೋಟು.

"ಹೋಗೇಬಿಟ್ರಾ?"

"ಹೂಂ."

"ಒಂದು ಮಾತು ಹೇಳಿ ಹೋದ್ರೆ ನಾಲಿಗೆ ಸವೆದುಹೋಗ್ತಿತ್ತಾ? ಕೋಟು ಬೇರೆ ಬಿಟ್ಟು ಹೋಗಿದ್ದಾರೆ. ಈ ಗಾಳೀಲಿ ಕ್ರೇನ್ ಮೇಲೆ ಕೂತ್ಕೊಳ್ಳೋ ಮನುಷ್ಯ." ಅಮ್ಮ ಕೋಟನ್ನು ಕುರ್ಚಿಯ ಬೆನ್ನಿಗೆ ಹಾಕಿದಳು. ತಟ್ಟೆ ಕಣ್ಣಿಗೆ ಬಿದ್ದೊಡನೆ ಮುಖ ಸಡಿಲವಾಯಿತು. "ಪೂರ್ತಿ ಉಂಡಿದ್ದಾರೆ. ಉಪ್ಪು ಕಮ್ಮಿಯಾಯ್ತೇನೋ ಅಂದ್ಕೊಂಡಿದ್ದೆ."

ಕಮ್ಮಿಯಾಗಿತ್ತು. "ಏನೂ ಹೇಳಲಿಲ್ಲ. ಉಂಡ್ರು," ಎಂದಳು ಮಗಳು.

ಆಮೇಲೆ ಅಮ್ಮ ಊಟಕ್ಕೆ ಕೂತಳು.

ಅಪ್ಪ ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದ. ಬದುಕಿಡೀ ರಾತ್ರಿ ಪಾಳಿ. ಸಂಜೆ ಅವನು ಉಂಡು ಹೊರಟ ಮೇಲೆಯೇ ಅಮ್ಮನ ಊಟ. ಅವನು ಹೋಗಿ ಎರಡು ವರ್ಷವಾಗಿತ್ತು. ಮೊದಲ ವರ್ಷ ಅಮ್ಮನಿಗೆ ಅದು ಗೊತ್ತಿತ್ತು, ಅತ್ತಳು, ಬಟ್ಟೆಗಳನ್ನು ಮಡಚಿಟ್ಟಳು. ಎರಡನೆಯ ವರ್ಷ ಅದು ಮರೆತುಹೋಯಿತು. ಮೊದಲು ಮರೆತದ್ದು ಗ್ಯಾಸ್ ಆರಿಸುವುದನ್ನು, ಆಮೇಲೆ ಪಕ್ಕದ ಮನೆಯವಳ ಹೆಸರನ್ನು, ಆಮೇಲೆ ಅಪ್ಪ ಸತ್ತದ್ದನ್ನು. ಒಂದು ಸಂಜೆ ಅವನ ತಟ್ಟೆ ತೆಗೆದು ಬಡಿಸಿದಳು. ತಟ್ಟೆ ಹಾಗೇ ಉಳಿಯಿತು, ಅಮ್ಮನೂ ಉಣ್ಣಲಿಲ್ಲ. ಮರುದಿನವೂ ಇಲ್ಲ, ಅದರ ಮರುದಿನವೂ ಇಲ್ಲ. ಕೊನೆಗೆ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಬೇಕಾಯಿತು. ಡಾಕ್ಟರು ಹೊರಗೆ ಕರೆದು, "ಎದುರಾಡಬೇಡಿ, ಅವರ ಜೊತೆ ಹೋಗ್ತಾ ಇರಿ," ಎಂದರು. ಎಲ್ಲಿಗೆ ಎಂದು ಹೇಳಲಿಲ್ಲ. ಮಗಳು ಅಪ್ಪನ ತಟ್ಟೆಯ ಅನ್ನವನ್ನು ಕಸದ ಬುಟ್ಟಿಗೆ ಹಾಕಿ ನೋಡಿದಳು. ಅಮ್ಮ ಬುಟ್ಟಿ ಕೆದಕಿ ಹಿಡಿದಳು. ಕಿಟಕಿಯಿಂದ ಎಸೆದಳು, ಕೆಳಗಿನ ಮನೆಯವರು ಜಗಳಕ್ಕೆ ಬಂದರು. ಹೊಟ್ಟೆಯಷ್ಟು ಸುರಕ್ಷಿತವಾದ ಜಾಗ ಬೇರೆ ಇರಲಿಲ್ಲ. ಅಪ್ಪನಿಗೆ ಹಸಿವು ಜಾಸ್ತಿ. ಅಮ್ಮನ ಕೈಗೆ ಆ ಅಳತೆ ಮಾತ್ರ ಮರೆತಿರಲಿಲ್ಲ.

ಅಂತೂ ಒಂದು ವರ್ಷದಿಂದ ಅವಳು ದಿನಾ ಸಂಜೆ ಎರಡು ಊಟ ಮಾಡುತ್ತಿದ್ದಳು. ಕೊಂಡ ಬಟ್ಟೆಗಳೆಲ್ಲ ಬಿಗಿಯಾದವು. ಬೆಳಿಗ್ಗೆ ಏಳುವಾಗ ಮೈ ಒದ್ದೆ ಮರಳಿನ ಮೂಟೆಯಂತಿರುತ್ತಿತ್ತು. "ಏನೇ ಕೂಸೇ, ಹೀಗೆ ಊದ್ಕೊಂಡಿದ್ದೀಯ? ಕಚೇರೀಲಿ ಕೂತಲ್ಲೇ ಕೂತಿರ್ತೀಯ ಅಂತ ಕಾಣತ್ತೆ," ಎಂದು ಅಮ್ಮ ಬೇಜಾರು ಮಾಡಿಕೊಳ್ಳುತ್ತಿದ್ದಳು.

*

ಕೂತಲ್ಲೇ ಕೂರುವ ಕೆಲಸ ಅವಳದಲ್ಲ. ಸಮುದ್ರ ಹಿಂದೆ ಸರಿದಾಗ ಸಂಶೋಧನಾ ಕೇಂದ್ರದ ಬೆನ್ನಿಗೆ ಕೆಸರು ತೆರೆದುಕೊಳ್ಳುತ್ತಿತ್ತು. ಕಣ್ಣು ಹಾಯುವಷ್ಟು ದೂರ ಬೂದು, ನಡುನಡುವೆ ನೀರಿನ ಗೀರು, ಕೊಳೆತ ಮೊಟ್ಟೆಯ ವಾಸನೆ. ಅವಳು ಮೊಣಕಾಲಿನವರೆಗಿನ ಬೂಟು ಹಾಕಿಕೊಂಡು, ಅಗಲವಾದ ಹಲಗೆಯೊಂದನ್ನು ತಳ್ಳಿಕೊಂಡು, ಹೂತುಹೋದಾಗ ಅದರ ಮೇಲೆ ಮೈಯೂರಿ ಕಾಲು ಕಿತ್ತುಕೊಳ್ಳುತ್ತ ಒಳಗೆ ಹೋಗುತ್ತಿದ್ದಳು. ಕೇಂದ್ರದಲ್ಲಿ ಎಲ್ಲರೂ ಅವಳನ್ನು ಕೆಸರಕ್ಕ ಎನ್ನುತ್ತಿದ್ದರು. ಮೊದಲು ಬೆನ್ನ ಹಿಂದೆ, ಆಮೇಲೆ ಮುಖದ ಮುಂದೆ, ಈಗ ನಿರ್ದೇಶಕರೂ ಕೂಡ ಒಮ್ಮೊಮ್ಮೆ.

ನೀರು ಇಳಿದು ಬಿಸಿಲು ತಾಗಿದ ಸ್ವಲ್ಪ ಹೊತ್ತಿಗೆ ಆ ಬೂದು ಬಣ್ಣದ ಮೇಲೆ ಕಂದು ಪೊರೆಯೊಂದು ಮೂಡುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ, ಬೆಳಕಿನಾಸೆಗೆ ಕೆಸರಿನೊಳಗಿಂದ ಮೇಲೆ ಬರುತ್ತದೆ. ಅದನ್ನು ಮೇಯುವವೂ ಬೆನ್ನಿಗೇ ಬರುತ್ತವೆ. ಅವಳ ಕೆಲಸ ಆ ಮೇಯುವವುಗಳದ್ದು: ಒಂದೇ ಕೋಶದ ಜೀವಿ, ಸುತ್ತ ಕೋಣೆಕೋಣೆಯ ಒಂದು ಚಿಪ್ಪು, ನುಣ್ಣನೆಯ ಮರಳಿನ ಕಣದಷ್ಟು ಗಾತ್ರ. ಸೂಕ್ಷ್ಮದರ್ಶಕದಲ್ಲಿ ಪುಟ್ಟ ಬಸವನಹುಳುವಿನಂತೆ ಕಾಣುತ್ತದೆ. ಚಿಪ್ಪಿನ ಬಾಯಿಯಿಂದ ಜೇಡನ ಎಳೆಗಿಂತ ತೆಳುವಾದ ಎಳೆಗಳನ್ನು ಚಾಚಿ, ಪಾಚಿಯನ್ನು ಬಾಚಿ ಒಳಗೆಳೆದುಕೊಳ್ಳುತ್ತದೆ. ಉಂಡು ಮಿಕ್ಕದ್ದು ಉಪ್ಪಾಗಿ ನೀರಿಗೆ ಸೇರುತ್ತದೆ. ಆ ಉಪ್ಪನ್ನು ಕುಡಿದು ಮತ್ತೆ ಪಾಚಿ ಬೆಳೆಯುತ್ತದೆ. ಇಷ್ಟೇ. ಈ ಕೆಸರಿನಲ್ಲಿ ಹೀಗೆ ಉಂಡು ತಿರುಗಿಸಿ ಕೊಡುವವರಲ್ಲಿ ದೊಡ್ಡ ಪಾಲು ಯಾರದ್ದು ಎಂದು ಕಂಡುಹಿಡಿಯುವುದರಲ್ಲಿ ಅವಳ ತಲೆಗೂದಲು ಅರ್ಧ ಬೆಳ್ಳಗಾಗಿತ್ತು.

ಮನೆಯಿಂದ ಕದ್ದು ತಂದ ಚಮಚದಿಂದ ಕೆಸರಿನ ಮೇಲುಪೊರೆ ಕೆರೆದು ತರುತ್ತಿದ್ದಳು. ಜರಡಿ ಹಿಡಿದು, ಒಂದೊಂದೇ ಜೀವಿಯನ್ನು ಒದ್ದೆ ಕುಂಚದ ತುದಿಗೆ ಅಂಟಿಸಿಕೊಂಡು, ತೆಳುವಾಗಿ ಕೆಸರು ಹರಡಿದ ಗಾಜಿನ ತಟ್ಟೆಗೆ ಬಿಡುತ್ತಿದ್ದಳು. ಬೆಳಿಗ್ಗೆ ಬಂದು ನೋಡಿದರೆ ಬದುಕಿದ್ದವು ಸ್ವಲ್ಪ ದೂರ ಹೋಗಿರುತ್ತವೆ, ಹಿಂದೆ ಕೂದಲೆಳೆಯಂಥ ಗೀರು ಬಿಟ್ಟಿರುತ್ತವೆ. ಸತ್ತವು ಇಟ್ಟಲ್ಲೇ ಇರುತ್ತವೆ. ನೋಡಲು ಎರಡೂ ಒಂದೇ, ಹೊಳಪಿನಲ್ಲೂ ವ್ಯತ್ಯಾಸವಿಲ್ಲ. ಗೀರು ಒಂದೇ ಸಾಕ್ಷಿ. ಗೀರು ಬಿಟ್ಟವನ್ನು ಆರಿಸಿ, ಯಂತ್ರ ಪತ್ತೆಹಚ್ಚಬಲ್ಲ ಗುರುತಿನ ಸಾರಜನಕ ಕುಡಿಸಿ ಬೆಳೆಸಿದ ಪಾಚಿಯನ್ನು ಅವಕ್ಕೆ ಬಡಿಸುತ್ತಿದ್ದಳು. ಊಟವಾದ ಮೇಲೆ ತೊಳೆದು, ಒಣಗಿಸಿ, ತವರದ ಪುಟ್ಟ ಬಟ್ಟಲಲ್ಲಿ ಮಡಚಿ ಯಂತ್ರದ ಕೋಣೆಗೆ ಕಳಿಸಿದರೆ, ಎಷ್ಟು ಗುರುತು ಹೊಟ್ಟೆ ಸೇರಿದೆ ಎಂದು ಯಂತ್ರ ಹೇಳುತ್ತಿತ್ತು. ವರ್ಷಗಟ್ಟಲೆ ಅದು ಒಂದೇ ಮಾತು ಹೇಳಿತು: ಇವು ಚೆನ್ನಾಗಿ ಉಣ್ಣುತ್ತವೆ. ನಿರೀಕ್ಷೆಗಿಂತ ಎಷ್ಟೋ ಹೆಚ್ಚು ಉಣ್ಣುತ್ತವೆ.

ಅವಳೂ ನಿರ್ದೇಶಕರೂ ಸೇರಿ ಪ್ರಬಂಧ ಬರೆದು ವಿಜ್ಞಾನ ಪತ್ರಿಕೆಯೊಂದಕ್ಕೆ ಕಳಿಸಿದರು. ಪತ್ರಿಕೆಯ ಪರವಾಗಿ ಅದನ್ನು ಓದಿದವರು ಹೊಗಳಿ, ಕೊನೆಗೆ ಒಂದು ಪ್ರಶ್ನೆ ಕೇಳಿದ್ದರು: ಸತ್ತವುಗಳಿಗೂ ಇದೇ ಊಟ ಇಟ್ಟು ನೋಡಿದ್ದೀರಾ?

ನೋಡಿರಲಿಲ್ಲ. ಬಹಳ ಹಿಂದೆ ಅವಳು ಹಾಗೆ ಮಾಡೋಣವೇ ಎಂದಾಗ ನಿರ್ದೇಶಕರು ನಕ್ಕುಬಿಟ್ಟಿದ್ದರು. "ಸತ್ತವಕ್ಕೆ ಯಾಕಮ್ಮ ಊಟ ಹಾಕ್ತೀಯ?" ಅವಳೂ ನಕ್ಕಿದ್ದಳು. ಅಪ್ಪ ಆಗ ಬದುಕಿದ್ದ.

*

ಗೀರು ಬಿಡದೆ ಇಟ್ಟಲ್ಲೇ ಇದ್ದವಕ್ಕೂ ಈ ಸಲ ಅದೇ ಊಟ ಬಡಿಸಿ ಯಂತ್ರದ ಕೋಣೆಗೆ ಕಳಿಸಿದ್ದಳು. ಯಂತ್ರದವನು ಫೋನ್ ಮಾಡಿದಾಗ ಅವಳು ಕೆಸರಿನ ನಡುವೆ ಇದ್ದಳು.

"ಕೆಸರಕ್ಕಾ, ಕೂತಿದ್ದೀರಾ?"

"ಕೂತ್ರೆ ಏಳೋಕಾಗಲ್ಲ ಕಣೋ. ಹೇಳು."

"ಹಾಗಾದ್ರೆ ನಿಂತೇ ಕೇಳಿ. ನಿಮ್ಮ ಸತ್ತವರು ಊಟ ಮಾಡಿದ್ದಾರೆ."

ಅವಳ ಬಲಗಾಲು ಒಳಗೆ ಇಳಿಯುತ್ತಿತ್ತು. ಹಲಗೆ ಹಿಡಿದುಕೊಂಡಳು. "ಬೆಳಿಗ್ಗೆ ಬೆಳಿಗ್ಗೆ ತಮಾಷೆ ಬೇಡ."

"ನಾನ್ಯಾಕೆ ತಮಾಷೆ ಮಾಡ್ಲಿ? ಅತ್ತೆ ಹೇಳ್ತಿದ್ದಾಳೆ." ಯಂತ್ರಕ್ಕೆ ಅವನು ಅತ್ತೆ ಎಂದು ಹೆಸರಿಟ್ಟಿದ್ದ. ಏನು ಕೊಟ್ಟರೂ ಅದರಲ್ಲಿ ಹುಳುಕು ಹುಡುಕುತ್ತಾಳೆ, ಒಂದು ಚೂರು ಧೂಳು ಬಿದ್ದರೆ ಮೂತಿ ತಿರುವುತ್ತಾಳೆ, ಆದರೆ ಸುಳ್ಳು ಹೇಳುವವಳಲ್ಲ ಎನ್ನುತ್ತಿದ್ದ.

"ತಟ್ಟೆ ಅದಲುಬದಲು ಆಗಿರಬೇಕು."

"ನಾನೂ ಹಾಗೇ ಅಂದ್ಕೊಂಡು ಉಳಿದಿದ್ದನ್ನೂ ಹಾಕಿದೆ. ಅದೇ ಕತೆ. ಬದುಕಿದ್ದವರು ಉಂಡಿದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಸತ್ತವರೂ ಉಂಡಿದ್ದಾರೆ. ಹಸಿವು ಚೆನ್ನಾಗಿದೆ ಪಾಪ."

ಅವಳು ಹೊಸ ಗುಂಪು ತಂದಳು. ಈ ಸಲ ತಾನೇ ಮಂಜುಗಡ್ಡೆ ಕಟ್ಟುವಷ್ಟು ತಣ್ಣಗೆ ಮಾಡಿ ಕೊಂದಳು, ಕರಗಿಸಿದಳು, ಕೆಸರಿನ ತಟ್ಟೆಯಲ್ಲಿಟ್ಟು ಕಾದಳು. ಗೀರು ಇಲ್ಲ. ಸತ್ತದ್ದರಲ್ಲಿ ಅನುಮಾನವಿಲ್ಲ. ಊಟ ಇಟ್ಟಳು. ಯಂತ್ರ ಮತ್ತೆ ಅದನ್ನೇ ಹೇಳಿತು. ಆಗ ಅವಳು ಸತ್ತ ಚಿಪ್ಪೊಂದನ್ನು ಗಾಜಿನ ನಡುವೆ ಒಡೆದು, ದೊಡ್ಡ ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಚಿಪ್ಪಿನ ಪ್ರತಿ ಕೋಣೆಯಲ್ಲೂ ಬ್ಯಾಕ್ಟೀರಿಯಾ ಗಿಜಿಗುಡುತ್ತಿದ್ದವು. ಯಜಮಾನ ಸತ್ತಿದ್ದ, ಅವನ ಹೆಸರಿನಲ್ಲಿ ಬಂದ ಊಟವನ್ನು ಇವು ಉಂಡು ಮುಗಿಸಿದ್ದವು. ಬದುಕಿದ್ದವುಗಳ ಲೆಕ್ಕಕ್ಕೆ ಇಷ್ಟು ವರ್ಷ ಅವಳು ಬರೆದದ್ದರಲ್ಲಿ ಎಷ್ಟೋ ಇವುಗಳ ಊಟ.

ಅವಳು ಕಣ್ಣು ಎತ್ತದೆ ಬಹಳ ಹೊತ್ತು ನೋಡಿದಳು. ಕುತ್ತಿಗೆ ನೋಯುತ್ತಿತ್ತು. ಆಘಾತವಾಗಬೇಕಿತ್ತು, ಆಗಿದ್ದು ಬರೀ ಸುಸ್ತು, ಹತ್ತಿದ ಮೆಟ್ಟಿಲನ್ನೇ ಮತ್ತೆ ಹತ್ತಬೇಕಾದಾಗ ಆಗುವಂಥದ್ದು.

*

ನಿರ್ದೇಶಕರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಅವರ ಕೋಣೆಯಲ್ಲಿ ಆಗಲೇ ಅರ್ಧ ಪುಸ್ತಕಗಳು ರಟ್ಟಿನ ಪೆಟ್ಟಿಗೆ ಸೇರಿದ್ದವು. ವರ್ಷದ ಕೊನೆಗೆ ನಿವೃತ್ತಿ.

"ಬಾಗಿಲು ಹಾಕ್ಕೋ. ಯಂತ್ರದವನಿಗೆ ಬಿಟ್ಟು ಇನ್ಯಾರಿಗೆ ಗೊತ್ತು?"

"ಯಾರಿಗೂ ಇಲ್ಲ ಸರ್."

"ಹೂಂ." ಅವರು ಕಿಟಕಿಯ ಕಡೆ ನೋಡಿದರು. ಹೊರಗೆ ನೀರು ಏರುತ್ತಿತ್ತು. "ನಾನೊಂದು ಮಾತು ಕೇಳ್ತೀನಿ. ಮನೆ ಯಜಮಾನ ಸತ್ತ ಅಂತ ಇಟ್ಕೋ. ಒಲೆ ಉರೀತಾನೇ ಇದೆ, ಮನೇಲಿದ್ದವರು ಉಣ್ತಿದ್ದಾರೆ. ಆ ಮನೆ ಉಣ್ತಿದೆ ಅನ್ನೋದು ಸುಳ್ಳಾ?"

"ಮನೆ ಉಣ್ತಿದೆ ಅಂತ ನಾವು ಬರೆದಿಲ್ಲ ಸರ್. ಯಜಮಾನ ಉಣ್ತಿದ್ದಾನೆ ಅಂತ ಬರೆದಿದ್ದೀವಿ."

ಅವರು ನಕ್ಕರು. ಆಯಾಸದ, ಒಳ್ಳೆಯ ನಗು. ಇಷ್ಟು ವರ್ಷ ಅವಳ ಹಂಗಾಮಿ ಕೆಲಸವನ್ನು ವರ್ಷ ವರ್ಷ ಮುಂದುವರಿಸಲು ಮೇಲಿನವರ ಮುಂದೆ ಕೈಕಟ್ಟಿ ನಿಂತವರು ಅವರೇ. ಅಪ್ಪ ಆಸ್ಪತ್ರೆಯಲ್ಲಿದ್ದಾಗ ತಮ್ಮ ಕಾರು ಕೊಟ್ಟಿದ್ದರು.

"ನೋಡಮ್ಮ, ಸುತ್ತಿ ಬಳಸಿ ಹೇಳೋಕೆ ನನಗೂ ಶಕ್ತಿ ಇಲ್ಲ. ಈ ಪ್ರಬಂಧ ಬಂದ್ರೆ ನಿನ್ನ ಕೆಲಸ ಕಾಯಂ. ಮೇಲಿನವರು ಬಾಯಿ ಬಿಟ್ಟು ಹೇಳಿದ್ದಾರೆ. ಬರಲಿಲ್ಲ ಅಂದ್ರೆ, ನಾನು ಹೋದ ಮೇಲೆ ನಿನ್ನ ಪರ ಮಾತಾಡೋಕೆ ಇಲ್ಲಿ ಒಂದು ನೊಣ ಕೂಡ ಇರಲ್ಲ. ಕೆಲಸ ಹೋಗತ್ತೆ, ಕ್ವಾರ್ಟರ್ಸ್ ಹೋಗತ್ತೆ. ನಿಮ್ಮಮ್ಮನ್ನ ಎಲ್ಲಿಗೆ ಕರ್ಕೊಂಡು ಹೋಗ್ತೀಯ?"

ಅಮ್ಮನಿಗೆ ಈಗ ದಾರಿ ಗೊತ್ತಿರುವುದು ಆ ಕ್ವಾರ್ಟರ್ಸಿನ ಮೂರು ಕೋಣೆಗಳಲ್ಲಿ ಮಾತ್ರ. ಕತ್ತಲಲ್ಲೂ ಬಚ್ಚಲಿಗೆ ಹೋಗಿ ಬರುತ್ತಿದ್ದಳು. ಕೆಳಗಿಳಿದು ರಸ್ತೆಗೆ ಬಂದರೆ ಎಡ ಬಲ ತಿಳಿಯದೆ ನಿಂತುಬಿಡುತ್ತಿದ್ದಳು.

"ಅವರು ಕೇಳಿದ್ದು ಒಂದು ಪ್ರಶ್ನೆ. ನಾವು ಬರೀಬೇಕಾದ್ದು ಒಂದು ಸಾಲು. ಸತ್ತವುಗಳಲ್ಲಿ ಏನೂ ಕಾಣಲಿಲ್ಲ. ಅಷ್ಟೇ. ಆಮೇಲೆ, ಕಾಯಂ ಆದ್ಮೇಲೆ, ನಿಧಾನವಾಗಿ ಇನ್ನೊಂದು ಪ್ರಬಂಧದಲ್ಲಿ ಈ ಬ್ಯಾಕ್ಟೀರಿಯಾ ವಿಷಯ ಬರಿ. ನಿನ್ನದೇ ತಪ್ಪು ನೀನೇ ತಿದ್ದಿದ ಹಾಗಾಗತ್ತೆ. ಹೆಸರೂ ಬರತ್ತೆ."

"ನಾಳೆ ಹೇಳ್ತೀನಿ ಸರ್."

"ನಾಳೆ ಮಧ್ಯಾಹ್ನ ಕಳಿಸಬೇಕು."

"ನಾಳೆ ಹೇಳ್ತೀನಿ."

*

ಸಂಜೆ ಅಮ್ಮ ಬಡಿಸಿದಳು. ಅನ್ನ, ಬೇಳೆ, ಬೇಯಿಸಿದ ಮೊಟ್ಟೆ. ಅಪ್ಪನ ತಟ್ಟೆಯಲ್ಲಿ ಎರಡು ಮೊಟ್ಟೆ. ತಟ್ಟೆಯನ್ನು ಕಿಟಕಿಯ ಪಕ್ಕ ಇಟ್ಟು, "ಹೊತ್ತಾಯ್ತು ನೋಡಿ," ಎಂದು ಯಾರಿಗೋ ಹೇಳಿ, ಕೋಟು ತರಲು ಒಳಗೆ ಹೋದಳು. ಕೋಟು ಹುಡುಕಿ, ಗುಂಡಿಗಳನ್ನು ಮುಟ್ಟಿ ಮುಟ್ಟಿ ನೋಡಿ, ಜೇಬಿನಲ್ಲಿ ಕರವಸ್ತ್ರ ಇದೆಯೋ ಎಂದು ಹುಡುಕಿ ಬರುವಷ್ಟು ಹೊತ್ತು ಮಗಳಿಗೆ ಸಿಗುತ್ತಿತ್ತು.

ಅವಳು ಎದ್ದು ಅಪ್ಪನ ಕುರ್ಚಿಯ ಬಳಿ ಹೋದಳು. ತಟ್ಟೆ ಎತ್ತಿಕೊಂಡಳು. ಅಂಚಿನಲ್ಲಿ ಒಂದು ಕಡೆ ತಗ್ಗು. ಅಪ್ಪ ಒಮ್ಮೆ ಸಿಟ್ಟಿನಲ್ಲಿ ಎಸೆದಾಗ ಆದದ್ದು. ತುತ್ತು ಕಲಸಿದಳು. ಬಾಯಿಯ ಹತ್ತಿರ ಒಯ್ದಳು. ಬಾಯಿ ತೆರೆಯಲಿಲ್ಲ. ದವಡೆಗೆ ಇನ್ನು ಶಕ್ತಿ ಇರಲಿಲ್ಲ, ಅಷ್ಟೇ. ಅವಳು ತುತ್ತನ್ನು ಮತ್ತೆ ತಟ್ಟೆಗೆ ಹಾಕಿ, ಅಪ್ಪನ ಕುರ್ಚಿಯಲ್ಲೇ ಕೂತುಬಿಟ್ಟಳು.

ಅಮ್ಮ ಬಂದು ಬಾಗಿಲಲ್ಲಿ ನಿಂತಳು.

"ಉಣ್ಣಲಿಲ್ವಾ ಅವರು? ಜ್ವರ ಏನಾದ್ರೂ…"

"ಅಮ್ಮಾ, ಇಲ್ಲಿ ಕೂತ್ಕೋ."

"ನೀನ್ಯಾಕೆ ಅಲ್ಲಿ ಕೂತಿದ್ದೀಯ?"

"ಅಪ್ಪ ಉಣ್ಣಲ್ಲ ಅಮ್ಮ. ಇಷ್ಟು ದಿನ ಈ ತಟ್ಟೇಲಿ ಉಂಡಿದ್ದು ನಾನು."

ಅಮ್ಮ ಕೋಟನ್ನು ಎದೆಗೆ ಒತ್ತಿಕೊಂಡು ಅವಳನ್ನೇ ನೋಡಿದಳು. "ನೀನಾ?"

"ನಾನೇ. ದಿನಾ."

"ನಿನ್ನ ಪಾಲಿನದು?"

"ಅದನ್ನೂ ಉಣ್ತಿದ್ದೆ."

"ಎರಡೂ?"

"ಎರಡೂ."

ಮುಂದಿನ ಪ್ರಶ್ನೆಗೆ ಅವಳು ಉತ್ತರ ಸಿದ್ಧ ಮಾಡಿಕೊಂಡಿದ್ದಳು. ಅಪ್ಪ ಎಲ್ಲಿ ಎಂದು ಅಮ್ಮ ಕೇಳುತ್ತಾಳೆ. ಆಗ ಆಸ್ಪತ್ರೆ, ಆ ನೀಲಿ ಪರದೆ, ಅಮ್ಮನೇ ಅವನ ಕೈ ಹಿಡಿದು ಕೂತಿದ್ದದ್ದು, ಎಲ್ಲವನ್ನೂ ಮೆತ್ತಗೆ ಹೇಳಬೇಕು. ಅಮ್ಮ ಅದನ್ನು ಕೇಳಲಿಲ್ಲ.

"ಹಾಗಾದ್ರೆ ಇಷ್ಟು ದಿನ ಅವರೇನು ತಿಂದ್ರು?"

ಅವಳು ತಟ್ಟೆಯ ಅಂಚಿನ ತಗ್ಗಿನ ಮೇಲೆ ಬೆರಳಿಟ್ಟಳು.

"ಕ್ರೇನ್ ಮೇಲೆ ಕೂತ್ಕೊಳ್ಳೋ ಮನುಷ್ಯ. ಬರೀ ಹೊಟ್ಟೇಲಿ ಹೋಗ್ತಿದ್ರಾ?" ಅಮ್ಮನ ದನಿ ಏರಲಿಲ್ಲ. "ಹಸಿವಾಗ್ತಿದೆ ಅಂದಿದ್ರೆ ನಿನಗೂ ಇನ್ನೊಂದು ಚೂರು ಜಾಸ್ತಿ ಹಾಕ್ತಿರಲಿಲ್ವೇನೇ ನಾನು? ಅವರದ್ದಕ್ಕೇ ಕೈ ಹಾಕಬೇಕಾ?"

"ಅಮ್ಮಾ, ಅಪ್ಪ ಸತ್ತುಹೋಗಿದ್ದಾರೆ."

ಅಮ್ಮನ ತುಟಿ ಅಲುಗುತ್ತಿತ್ತು, ಏನನ್ನೋ ಕೂಡಿಸಿ ಕಳೆಯುವವರ ಹಾಗೆ.

"ಹಸಿವಿಂದಾನಾ?"

"ಅಯ್ಯೋ, ಅಲ್ಲ ಅಮ್ಮ! ಶ್ವಾಸಕೋಶ. ಎರಡು ವರ್ಷ ಆಯ್ತು. ನೀನೂ ಇದ್ದೆ. ನೆನಪು ಮಾಡ್ಕೋ."

ನೆನಪಾಯಿತೋ ಇಲ್ಲವೋ, ಅಮ್ಮ ಕೋಟನ್ನು ಕುರ್ಚಿಯ ಬೆನ್ನಿಗೆ ಹಾಕಲು ಬಂದಳು, ಕುರ್ಚಿಯಲ್ಲಿ ಮಗಳಿದ್ದಳು. ಕೋಟನ್ನು ಅವಳ ಮಡಿಲಿಗೆ ಹಾಕಿದಳು. ಅವಳು ಎದ್ದು ಅಮ್ಮನ ತಟ್ಟೆ ತಂದು ಮುಂದಿಟ್ಟಳು, ಮೊಟ್ಟೆ ಮುರಿದು ಅನ್ನಕ್ಕೆ ಸೇರಿಸಿದಳು, ತುತ್ತು ಮಾಡಿ ಬಾಯಿಯ ಬಳಿ ಹಿಡಿದಳು. ಅಮ್ಮ ಮುಖ ಆ ಕಡೆ ತಿರುಗಿಸಿದಳು.

"ನೀನೇ ತಿನ್ನು. ಅಭ್ಯಾಸ ಇದೆಯಲ್ಲ."

ಅಂದು ಯಾರೂ ಉಣ್ಣಲಿಲ್ಲ. ಅಮ್ಮ ಅಪ್ಪನ ತಟ್ಟೆಯನ್ನು ತೆಗೆಯಲೂ ಬಿಡಲಿಲ್ಲ. ದೀಪ ಆರಿಸಿ ಮಲಗಿದಾಗ ಅವಳಿಗೆ ಡ್ರಿಪ್ಪಿನ ಬಾಟಲಿ, ನರ ಸಿಗದೆ ಅಮ್ಮನ ಕೈಯನ್ನು ನಾಲ್ಕು ಕಡೆ ಚುಚ್ಚಿದ ನರ್ಸು ನೆನಪಾದರು. ಒಂದು ವರ್ಷ ಹೇಗೋ ನಡೆದಿತ್ತು. ಇನ್ನೊಂದು ವರ್ಷ ನಡೆಸಿದ್ದರೆ ಯಾರ ಗಂಟು ಹೋಗುತ್ತಿತ್ತು? ನಿರ್ದೇಶಕರು ಹೇಳಿದ ಸಾಲು ಕೂಡ ಅಷ್ಟೇ ಉದ್ದದ್ದು. ಅದನ್ನು ಬರೆದು ಮುಗಿಸಿದರೆ ಈ ಮೂರು ಕೋಣೆಗಳಾದರೂ ಉಳಿಯುತ್ತವೆ. ಬೆಳಿಗ್ಗೆ ಹೋದವಳೇ ಹೂಂ ಎಂದುಬಿಡಬೇಕು ಎಂದುಕೊಂಡಳು. ಹಾಗೆ ಅಂದುಕೊಂಡ ಮೇಲೆ ಎಷ್ಟೋ ದಿನಗಳ ನಂತರ ಗಾಢವಾದ ನಿದ್ದೆ ಬಂತು.

*

ಎದ್ದಾಗ ಬೆಳಕು ಚೆನ್ನಾಗಿ ಹರಿದಿತ್ತು. ಅಮ್ಮನ ಹಾಸಿಗೆ ಖಾಲಿ. ಅವಳು ಗಾಬರಿಯಿಂದ ಹೊರಗೆ ಬಂದಳು.

ಅಮ್ಮ ಅಪ್ಪನ ತಟ್ಟೆಯ ಎದುರಿಗೆ, ಮೇಜಿಗೆ ಗಲ್ಲ ತಾಗುವಷ್ಟು ಬಾಗಿ ಕೂತಿದ್ದಳು. ಕಿಟಕಿಯ ಚೌಕಟ್ಟಿನ ಬಿರುಕಿನಿಂದ ಇರುವೆಗಳ ಸಾಲೊಂದು ಹೊರಟು, ಗೋಡೆ ಇಳಿದು, ಮೇಜಿನ ಕಾಲು ಹತ್ತಿ, ತಟ್ಟೆಯ ತಗ್ಗಾದ ಅಂಚಿನಿಂದ ಒಳಗೆ ಹೋಗಿತ್ತು. ಇನ್ನೊಂದು ಸಾಲು ಅದೇ ದಾರಿಯಲ್ಲಿ ಹಿಂದಕ್ಕೆ. ಒಂದು ಅಗುಳು ಏಳೆಂಟು ಇರುವೆಗಳ ತಲೆಯ ಮೇಲೆ ಅಲುಗಾಡುತ್ತ ಗೋಡೆ ಹತ್ತುತ್ತಿತ್ತು. ಮೊಟ್ಟೆಯ ಹಳದಿ ಆಗಲೇ ಅರ್ಧ ಕರಗಿತ್ತು.

ಅವಳು ಒರೆಸುವ ಬಟ್ಟೆ ತೆಗೆದುಕೊಂಡಳು.

"ಬಿಡೇ," ಎಂದಳು ಅಮ್ಮ, ಕಣ್ಣು ಎತ್ತದೆ. "ಉಣ್ತಿದ್ದಾರೆ."

"ಇರುವೆ ಅಮ್ಮ."

"ನನಗೇನು ಕಣ್ಣು ಕಾಣಲ್ವಾ? ಇರುವೇನೇ." ಅಮ್ಮ ಬೆರಳಿನಿಂದ ದೂರದಿಂದಲೇ ಸಾಲನ್ನು ತೋರಿಸಿದಳು. "ನಿನಗಿಂತ ಮರ್ಯಾದಸ್ಥರು. ಸಾಲಲ್ಲಿ ಬಂದು, ಎಲ್ಲರ ಎದುರಿಗೇ ತಿಂತಿದ್ದಾರೆ."

ಅವಳು ಬಟ್ಟೆ ಹಿಡಿದುಕೊಂಡೇ ನಿಂತಳು. ಅಮ್ಮ ಇನ್ನೂ ಸ್ವಲ್ಪ ಹೊತ್ತು ನೋಡಿದಳು. ಅಗುಳು ಗೋಡೆಯ ಅರ್ಧದಲ್ಲಿ ಜಾರಿ ಬಿತ್ತು. ಅಮ್ಮ "ಅಯ್ಯೋ" ಎಂದಳು. ಇರುವೆಗಳು ಇಳಿದು ಬಂದು ಮತ್ತೆ ಎತ್ತಿಕೊಂಡವು. ಆಮೇಲೆ ಅಮ್ಮ ಮೇಜಿನ ಮೇಲಿದ್ದ ಪೊಟ್ಟಣಕ್ಕೆ ಕೈ ಹಾಕಿ ಒಂದು ಬ್ರೆಡ್ಡಿನ ಹೋಳು ತೆಗೆದು, ಚಹಾ ಇಲ್ಲದೆ, ಸುತ್ತಲಿನ ಗಟ್ಟಿ ಅಂಚು ಬಿಟ್ಟು, ನಿಧಾನವಾಗಿ ತಿನ್ನತೊಡಗಿದಳು. ಅರ್ಧ ತಿಂದಳು. ಉಳಿದರ್ಧವನ್ನು ತಟ್ಟೆಯ ಪಕ್ಕ ಇರುವೆಗಳಿಗೆ ಇಟ್ಟಳು.

"ಕೋಟು ಒಳಗಿಡು," ಎಂದಳು. "ಧೂಳಾಗತ್ತೆ."

*

ನಿರ್ದೇಶಕರು ತಾವೇ ಅವಳ ಕೋಣೆಗೆ ಬಂದರು. ಅವಳು ಸೂಕ್ಷ್ಮದರ್ಶಕದ ಮೇಲೆ ಬಾಗಿದ್ದಳು; ಕೈ ಸನ್ನೆಯಲ್ಲಿ ಒಂದು ನಿಮಿಷ ಎಂದಳು. ಅವರು ಸ್ಟೂಲು ಎಳೆದುಕೊಂಡು ಕೂತರು. ಮೆಟ್ಟಿಲು ಹತ್ತಿ ಬಂದದ್ದಕ್ಕೆ ಏದುಸಿರು.

ಗಾಜಿನ ತಟ್ಟೆಯಲ್ಲಿ ನಿನ್ನೆ ಬಿಟ್ಟಿದ್ದ ಎರಡರಲ್ಲಿ ಒಂದು ಇಟ್ಟಲ್ಲೇ ಇತ್ತು. ಇನ್ನೊಂದು ಕೆಸರಿನ ಮೇಲೆ ಸಣ್ಣ ಗೀರು ಎಳೆಯುತ್ತ ಹೋಗಿ, ನಡುವೆ ಯಾಕೋ ತಿರುಗಿ, ಬಂದ ದಾರಿಯನ್ನೇ ಒಮ್ಮೆ ದಾಟಿ, ತಟ್ಟೆಯ ಅಂಚಿನ ಹತ್ತಿರ ನಿಂತಿತ್ತು.

"ಏನು ಯೋಚನೆ ಮಾಡಿದೆ?"

"ಸತ್ತವೂ ಉಂಡವು ಅಂತ ಬರೀಬೇಕು ಸರ್. ಉಂಡಿದ್ದು ಯಾರು ಅಂತಾನೂ."

"ಹಾಗೆ ಬರೆದ್ರೆ ಪ್ರಬಂಧ ಬಿದ್ದುಹೋಗತ್ತೆ."

"ಗೊತ್ತು."

"ಕೆಲಸ?"

"ಗೊತ್ತು ಸರ್."

ಅವರು ಕೈಯಲ್ಲಿದ್ದ ಹಾಳೆಗಳನ್ನು ಮಂಡಿಯ ಮೇಲೆ ತಟ್ಟಿ ತಟ್ಟಿ ಸರಿ ಮಾಡಿದರು. ಸರಿಯಾಗಿಯೇ ಇದ್ದವು. "ಮನೆ ಕಡೆ ಹೇಗಿದೆ? ಅಮ್ಮ ಊಟ ಗೀಟ ಮಾಡ್ತಿದ್ದಾರಾ?"

"ಬೆಳಿಗ್ಗೆ ಅರ್ಧ ಬ್ರೆಡ್ ತಿಂದ್ಲು."

"ಬರೀ ಅರ್ಧನಾ?"

"ಅರ್ಧ."

ಗೋಡೆಯ ಫ್ಯಾನು ಒಂದು ಕಡೆಯಿಂದ ಇನ್ನೊಂದು ಕಡೆಗೆ ತಿರುಗಿತು. ಹೊರಗೆ ನೀರು ಇಳಿಯತೊಡಗಿತ್ತು. ದಡದ ಹತ್ತಿರದ ಕೆಸರು ಆಗಲೇ ಹೊಳೆಯುತ್ತಿತ್ತು. ನಿರ್ದೇಶಕರು ಸ್ಟೂಲನ್ನು ಮುಂದಕ್ಕೆ ಎಳೆದುಕೊಂಡು, ದನಿ ತಗ್ಗಿಸಿ, ಜ್ವರ ಬಂದ ಮಗುವಿಗೆ ಔಷಧಿ ಕುಡಿಸುವವರ ಹಾಗೆ ಮೆಲ್ಲಗೆ ಹೇಳಿದರು: "ಸರಿ. ನಿನ್ನ ಕೈಯಿಂದ ಬೇಡ. ಆ ಸಾಲು ನಾನೇ ಬರೀತೀನಿ, ನಾನೇ ಕಳಿಸ್ತೀನಿ. ನಾನು ಹೋಗೋ ಮುದುಕ, ನಾಳೆ ಯಾರಾದ್ರೂ ಬೈದ್ರೆ ನನ್ನನ್ನ ಬೈಲಿ. ನೀನು ಹೂಂ ಅನ್ನೋದೂ ಬೇಡ. ಸುಮ್ಮನಿದ್ದುಬಿಡು, ಸಾಕು."

ಅವಳು ಕುಂಚವನ್ನು ನೀರಿನಲ್ಲಿ ಅದ್ದಿ, ತುದಿಯನ್ನು ಬೆರಳುಗಳ ನಡುವೆ ಹಿಂಡಿ ಚೂಪು ಮಾಡಿದಳು.

"ಬೇಡ," ಎಂದಳು.